ಗಣಿ ಮುಚ್ಚಿದ ದಿನ ಯಾರ ಕೈಯಲ್ಲಿ ಏನಿತ್ತು: ಕೋಲಾರ ಚಿನ್ನದ ಗಣಿಯ ಒಂದು ಪ್ರಕರಣ ಅಧ್ಯಯನ

ಕೋಲಾರ ಚಿನ್ನದ ಗಣಿಯ ಊರಿನ ಕೊನೆಯ ನಿಲ್ದಾಣ ಮಾರಿಕುಪ್ಪಂನಲ್ಲಿ ರೈಲು ಹಳಿ ಮುಗಿಯುತ್ತದೆ. ಮುಂದೆ ದಾರಿಯಿಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ, ಇನ್ನೂ ಕತ್ತಲಿರುವಾಗಲೇ ಅಲ್ಲಿಂದ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಒಮ್ಮೆ ಕೂತಿದ್ದೆ. ಮಂಕು ದೀಪದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಖಾಲಿ ಸೀಟುಗಳ ಮೇಲೆ ಹಾಸಿದ್ದ ಕರವಸ್ತ್ರಗಳು, ಮಡಿಸಿಟ್ಟ ಪತ್ರಿಕೆಗಳು, ಒಂದು ಊಟದ ಡಬ್ಬಿ. ಮುಂದಿನ ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತುವ ಗೆಳೆಯರಿಗೆ ಜಾಗ ಹಿಡಿದಿದ್ದರು. ಬಂಗಾರಪೇಟೆ ಬರುವಷ್ಟರಲ್ಲಿ ಕಾಲೂರಲು ಎಡೆಯಿರಲಿಲ್ಲ.

ಪಕ್ಕದಲ್ಲಿ ಕೂತಿದ್ದವರಿಗೆ ಐವತ್ತು ದಾಟಿತ್ತು. ತೊಡೆಯ ಮೇಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಇಸ್ತ್ರಿ ಮಾಡಿದ ನೀಲಿ ಅಂಗಿ, ಅಂಗಿಯ ತೋಳಿಗೆ ಕಾವಲು ಸಿಬ್ಬಂದಿಯ ಪಟ್ಟಿ. ವೈಟ್‌ಫೀಲ್ಡ್ ಹತ್ತಿರವಾದಾಗ ಎದ್ದು ಹೋಗಿ, ಬಾಗಿಲ ಬಳಿಯ ಇಕ್ಕಟ್ಟಿನಲ್ಲಿ ನಿಂತು ಅಂಗಿ ಬದಲಾಯಿಸಿಕೊಂಡು ಬಂದರು. "ಮನೆಯಿಂದಲೇ ಹಾಕಿಕೊಂಡು ಬಂದರೆ ಸುಕ್ಕಾಗುತ್ತದೆ ಸಾರ್, ಗೇಟಿನಲ್ಲಿ ಸೂಪರ್‌ವೈಸರ್ ಬೈಯುತ್ತಾರೆ" ಎಂದರು. ಗಣಿಯಲ್ಲಿ ಎಷ್ಟು ವರ್ಷ ಇದ್ದಿರಿ ಎಂದು ಕೇಳಿದೆ. ಇಪ್ಪತ್ತೆರಡು ಎಂದರು. ಅವರ ತಂದೆಯೂ ಅಲ್ಲೇ, ತಾತನೂ ಅಲ್ಲೇ. ಅಷ್ಟರಲ್ಲಿ ನಿಲ್ದಾಣ ಬಂತು, ಇಳಿದು ಹೋದರು.

ಈ ಅಧ್ಯಯನ ಹುಟ್ಟಿದ್ದು ಆ ಅಂಗಿಯಿಂದ. 2001ರ ಫೆಬ್ರುವರಿ 28ರಂದು, ಈ ಗಣಿಯನ್ನು ನಡೆಸುತ್ತಿದ್ದ ಕೇಂದ್ರ ಸರ್ಕಾರದ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಕೆಲಸ ನಿಲ್ಲಿಸಿತು. ಬೀಗ ಎಲ್ಲರಿಗೂ ಒಂದೇ ದಿನ ಬಿತ್ತು. ಹಾಗಿದ್ದೂ ಮರುದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಒಬ್ಬೊಬ್ಬರ ಬಳಿ ಒಂದೊಂದು ಉತ್ತರವಿತ್ತು. ಕೆಲವರ ಬಳಿ ಉತ್ತರವೇ ಇರಲಿಲ್ಲ. ಯಾರಿಗೆ ಯಾವ ಉತ್ತರ ಎಂಬುದು ಆ ದಿನ ತೀರ್ಮಾನವಾದದ್ದಲ್ಲ. ಅದು ನೂರು ವರ್ಷ ಮೊದಲೇ, ಊರು ಕಟ್ಟಿದ ರೀತಿಯಲ್ಲೇ ತೀರ್ಮಾನವಾಗಿತ್ತು ಎಂಬುದು ನನ್ನ ವಾದ.

ಊರು ಕಟ್ಟಿದ ಬಗೆ

ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲ್ಯಾವೆಲ್ ಎಂಬ ಐರಿಷ್ ಮೂಲದ ನಿವೃತ್ತ ಸೈನಿಕ ಕೋಲಾರದ ಕಡೆ ಚಿನ್ನ ಹುಡುಕಲು ಮೈಸೂರು ಸರ್ಕಾರದಿಂದ 1870ರ ದಶಕದಲ್ಲಿ ಅನುಮತಿ ಪಡೆದ. ಇಂದು ಬೆಂಗಳೂರಿನ ದುಬಾರಿ ರಸ್ತೆಗಳಲ್ಲೊಂದಾದ ಲ್ಯಾವೆಲ್ ರಸ್ತೆಗೆ ಅವನದೇ ಹೆಸರು. ಅವನಿಗೆ ದಕ್ಕಿದ್ದು ಕಡಿಮೆ. ಗಣಿಗಾರಿಕೆ ಗಟ್ಟಿಯಾಗಿ ನಿಂತದ್ದು 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ. ಮೈಸೂರು ಅರಸರ ಸರ್ಕಾರಕ್ಕೆ ರಾಜಧನ ಸಂದಾಯವಾಗುತ್ತಿತ್ತು, ಲಾಭಾಂಶ ಲಂಡನ್ನಿನ ಷೇರುದಾರರಿಗೆ ಹೋಗುತ್ತಿತ್ತು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ತೆಗೆದ ಚಿನ್ನ ಸುಮಾರು 800 ಟನ್.

ನೆಲದಡಿಗೆ ಇಳಿಯಲು ಆಳುಗಳು ಬೇಕಿತ್ತು. ಸುತ್ತಲಿನ ಕೋಲಾರದ ರೈತರು ಸುರಂಗಕ್ಕಿಳಿಯಲು ಅಷ್ಟಾಗಿ ಮನಸ್ಸು ಮಾಡಲಿಲ್ಲ. ಬಂದವರು ಹೆಚ್ಚಾಗಿ ಉತ್ತರ ಆರ್ಕಾಟಿನ ತಮಿಳು ದಲಿತರು, ಜೊತೆಗೆ ಚಿತ್ತೂರು ಕಡೆಯ ತೆಲುಗರು. 1876ರಿಂದ 78ರ ದೊಡ್ಡ ಬರದ ನೆನಪು ಹಸಿಯಾಗಿದ್ದ ಕಾಲ ಅದು. ಊರಿನಲ್ಲಿ ಭೂಮಿಯಿಲ್ಲದೆ ಒಡೆಯನ ಹೊಲದಲ್ಲಿ ದುಡಿಯುತ್ತಿದ್ದವರನ್ನು ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದರು. ಹಳ್ಳಿಯಲ್ಲಿ ಕೇರಿಯ ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದವನು ಇಲ್ಲಿ 'ಲೇಬರ್' ಆದ. ಇದು ಸಣ್ಣ ಬದಲಾವಣೆಯಲ್ಲ. ಕೂಲಿ ಕಾಳಿನ ಬದಲು ನಗದಿನಲ್ಲಿ ಬಂತು, ಒಡೆಯನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು ತಪ್ಪಿತು.

ಇತ್ತ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಬಂದರು. ಅಲ್ಲಿ ತವರದ ಗಣಿಗಳು ಮುಚ್ಚುತ್ತಿದ್ದವು. ಊರಿನಲ್ಲಿ ಅವರೂ ಕಾರ್ಮಿಕರೇ, ಮೈ ಕೈ ಮಸಿ ಮಾಡಿಕೊಂಡವರೇ. ಹಡಗು ಹತ್ತಿ ಕೋಲಾರಕ್ಕೆ ಬಂದಿಳಿದ ಕೂಡಲೇ ಸಾಹೇಬರಾದರು. ವರ್ಗದ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಈ ಕಾರ್ನ್‌ವಾಲಿನವರು ನೆನಪಾಗುತ್ತಾರೆ. ಮನುಷ್ಯ ಅವನೇ, ಕಸುಬು ಅದೇ. ಸುತ್ತ ಯಾರಿದ್ದಾರೆ ಎಂಬುದು ಬದಲಾದರೆ ಅವನ ಅಂತಸ್ತೂ ಬದಲಾಗುತ್ತದೆ.

ಇವರಿಬ್ಬರ ನಡುವೆ ಆಂಗ್ಲೋ ಇಂಡಿಯನ್ನರು ಇದ್ದರು. ಕಾರ್ಯಾಗಾರ, ಯಂತ್ರಗಳ ಮನೆ, ಕಚೇರಿ, ಆಸ್ಪತ್ರೆಗಳಲ್ಲಿ ಮೇಲ್ವಿಚಾರಣೆಯ ಕೆಲಸ ಅವರದು. ಕಾವಲಿಗೆ ಪಂಜಾಬಿನಿಂದ ಬಂದವರು. ಸಾಮಾನು ಮಾರುವ ವರ್ತಕರಿಗೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಹುಟ್ಟಿಕೊಂಡವು.

ಮೇಲಿನವರಿಗೆ ಹೆಂಚಿನ ಬಂಗಲೆ, ಸುತ್ತ ತೋಟ, ಕ್ಲಬ್ಬು, ಗಾಲ್ಫ್ ಮೈದಾನ, ಇಗರ್ಜಿ. ಊರಿಗೆ 'ಲಿಟಲ್ ಇಂಗ್ಲೆಂಡ್' ಎಂಬ ಅಡ್ಡಹೆಸರು ಬಂದದ್ದು ಈ ಭಾಗದಿಂದ. ಕೆಳಗಿನವರಿಗೆ 'ಲೈನು': ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳು. ಮೊದಮೊದಲು ಗೋಡೆಯೂ ಇಲ್ಲ, ಬಿದಿರಿನ ತಟ್ಟಿ. ಒಂದು ಕೋಣೆಯಲ್ಲೇ ಅಡುಗೆ, ಹೆರಿಗೆ, ಪಾಳಿ ಮುಗಿಸಿ ಬಂದವನ ಹಗಲು ನಿದ್ದೆ. ಶೌಚಾಲಯ ಲೈನಿಗೆಲ್ಲ ಸೇರಿ ಒಂದು ಕಡೆ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಈ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಶಾಲೆಯ ಪಠ್ಯದಲ್ಲಿ ಇದನ್ನು ಹೆಮ್ಮೆಯಿಂದ ಓದಿದ ನೆನಪಿದೆ. ಆ ತಂತಿಯನ್ನು ಎಳೆದದ್ದು ಗಣಿಯ ಯಂತ್ರಗಳಿಗಾಗಿ ಎಂಬುದನ್ನು ಆ ಪಾಠ ಒತ್ತಿ ಹೇಳಲಿಲ್ಲ.

ಆಳ ಮತ್ತು ಅಂತಸ್ತು

ಗಣಿಯಲ್ಲಿ ಅಂತಸ್ತನ್ನು ಅಡಿಗಳಲ್ಲಿ ಅಳೆಯಬಹುದಿತ್ತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಯಿತು. ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳಲ್ಲೊಂದು. ಅಷ್ಟು ಕೆಳಗೆ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕೇಜಿನಲ್ಲಿ ನಿಂತು ಒಂದು ಮಟ್ಟದವರೆಗೆ ಇಳಿದು, ನಡೆದು, ಇನ್ನೊಂದು ಬಾವಿಯಲ್ಲಿ ಮತ್ತೆ ಇಳಿದು, ಕೆಲಸದ ಜಾಗ ಸೇರಬೇಕು. ಅತಿ ಕೆಳಗೆ ಡ್ರಿಲ್ ಹಿಡಿದು ನಿಂತವನ ಜಾತಿ, ಊರು, ಸಂಬಳ ಯಾವುದೆಂದು ಮೇಲೆ ನಿಂತೇ ಹೇಳಬಹುದಿತ್ತು.

ಆಳದಲ್ಲಿ ಬಂಡೆ ತನ್ನ ಮೇಲಿನ ಭಾರಕ್ಕೆ ಒಮ್ಮೆಲೇ ಸಿಡಿಯುತ್ತಿತ್ತು. ಕಾರ್ಮಿಕರು ಅದನ್ನು 'ಏರ್‌ಬ್ಲಾಸ್ಟ್' ಎನ್ನುತ್ತಿದ್ದರು. ದೊಡ್ಡದಾದರೆ ಮೇಲೆ ಲೈನುಗಳಲ್ಲಿ ಪಾತ್ರೆ ಅಲುಗುತ್ತಿತ್ತು, ಹೆಂಗಸರು ಗಣಿಯ ಬಾವಿಯ ಕಡೆ ಓಡುತ್ತಿದ್ದರು. ಬಂಗಲೆಯಲ್ಲೂ ಕಿಟಕಿಯ ಗಾಜು ಅದೇ ಕ್ಷಣ ಅಲುಗಿರಬೇಕು. ನಡುಕ ಎರಡೂ ಕಡೆ ಒಂದೇ, ಓಡುವವರು ಒಂದೇ ಕಡೆಯವರು.

ಇದಕ್ಕಿಂತ ನಿಧಾನದ ಸಾವು ದೂಳಿನದು. 1940ರ ದಶಕದಲ್ಲಿ ಇಲ್ಲಿಯ ಏಳೂವರೆ ಸಾವಿರಕ್ಕೂ ಹೆಚ್ಚು ಗಣಿಗರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಕಲ್ಲಿನ ಸಣ್ಣ ಪುಡಿ ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡುವ ಕಾಯಿಲೆ ಇದು. ಒಮ್ಮೆ ಬಂದರೆ ವಾಸಿಯಾಗುವುದಿಲ್ಲ. ಇದಕ್ಕೆ ಪರಿಹಾರ ಉಂಟು ಎಂದಾಯಿತು, ಅಷ್ಟರ ಮಟ್ಟಿಗೆ ಈ ಗಣಿ ದೇಶದ ಇತರ ಗಣಿಗಳಿಗಿಂತ ಮುಂದಿತ್ತು. ಆದರೆ ಪರಿಹಾರದ ಲೆಕ್ಕ ಹೇಗೆ? ಎದೆ ನೂರಕ್ಕೆ ಎಷ್ಟು ಕೆಟ್ಟಿದೆ ಎಂದು ವೈದ್ಯರು ಬರೆದಷ್ಟು. ಇನ್ನೂ ಪೂರ್ತಿ ಕೆಡದ ಎದೆಯವನು ಮತ್ತೆ ಕೇಜು ಹತ್ತಬೇಕು.

ಚಿನ್ನದ ಕಳ್ಳತನದ ವಿಚಾರದಲ್ಲೂ ನಿಯಮ ಹೀಗೆಯೇ ಓರೆ. ಅದಿರು ಯಾರದಾದರೂ ಕೈಯಲ್ಲಿ ಸಿಕ್ಕಿದರೆ ಅದು ನ್ಯಾಯವಾಗಿ ಬಂದದ್ದು ಎಂದು ತೋರಿಸುವ ಹೊಣೆ ಸಿಕ್ಕಿಬಿದ್ದವನದೇ. ಪಾಳಿ ಬಿಟ್ಟು ಮೇಲೆ ಬಂದವರ ಮೈ ತಡಕುವುದು ನಿತ್ಯದ ಕ್ರಮ. 1930ರಲ್ಲಿ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಮಂದಿ ಕೆಲಸ ಬಿಟ್ಟು ಕೂತರು. ಮುಷ್ಕರ ಸುಮಾರು ಮೂರು ವಾರ ನಡೆಯಿತು. ಗಮನಿಸಬೇಕಾದ ಸಂಗತಿ, ಅವರು ಎದ್ದು ನಿಂತದ್ದು ಕೂಲಿಯ ಪ್ರಶ್ನೆಗಲ್ಲ. ಬೆರಳಚ್ಚು ಕಳ್ಳರದ್ದು, ನಮ್ಮದೇಕೆ ಎಂಬ ಮಾನದ ಪ್ರಶ್ನೆಗೆ.

ಇದಕ್ಕೆ ವಿರುದ್ಧವಾದ ಸಾಕ್ಷ್ಯ

ಇಲ್ಲಿಯವರೆಗೆ ಓದಿದವರಿಗೆ ಇದು ಬರೀ ತುಳಿತದ ಕತೆ ಎನ್ನಿಸಬಹುದು. ಹಾಗೆ ಬರೆದರೆ ಸುಳ್ಳಾಗುತ್ತದೆ. ಗಣಿಯೇ ಕೊಟ್ಟ ಕೆಲವು ಏಣಿಗಳಿದ್ದವು, ಅವನ್ನು ಜನ ಹತ್ತಿದರು ಕೂಡ.

ಮೊದಲನೆಯದು ಓದು. ತಮಿಳು ದಲಿತ ಚಿಂತಕ ಅಯೋತ್ತಿದಾಸರ ಶಾಕ್ಯ ಬೌದ್ಧ ಸಂಘದ ಶಾಖೆ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿತ್ತು. 1914ರಲ್ಲಿ ಅವರು ತೀರಿಕೊಂಡ ಮೇಲೆ, ಅವರು ಆರಂಭಿಸಿದ್ದ 'ತಮಿಳನ್' ಪತ್ರಿಕೆಯನ್ನು 1920ರ ದಶಕದಲ್ಲಿ ಇದೇ ಊರಿನಿಂದ ಮತ್ತೆ ಹೊರತಂದರು. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ್ದು 1956ರಲ್ಲಿ; ಅದಕ್ಕೆ ಅರ್ಧ ಶತಮಾನ ಮೊದಲು ಕೋಲಾರದ ಲೈನುಗಳಲ್ಲಿ ಬುದ್ಧನ ಮಾತು ಕೇಳುತ್ತಿತ್ತು. ಹಗಲು ಸುರಂಗದಲ್ಲಿದ್ದವನು ಸಂಜೆ ಸಂಘದ ಕೋಣೆಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿಕೊಂಡು ಕೇಳುವುದು ಹಳ್ಳಿಯಲ್ಲಿ ಸಾಧ್ಯವಿರಲಿಲ್ಲ. ನಗದು ಕೂಲಿ, ಒತ್ತಾಗಿ ಬದುಕುವ ಸಾವಿರಾರು ಜನ, ಒಡೆಯನ ಕಣ್ಣಿಲ್ಲದ ಸಂಜೆ, ಈ ಮೂರೂ ಗಣಿಯಲ್ಲಿ ಸಿಕ್ಕವು.

ಎರಡನೆಯದು ಸಂಘಟನೆ. 1940ರ ದಶಕದಲ್ಲಿ ಕಮ್ಯುನಿಸ್ಟರ ನೇತೃತ್ವದಲ್ಲಿ ಕಾರ್ಮಿಕ ಸಂಘ ಬಲಿಯಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಸತ್ತರು. ಇಂದಿಗೂ ಆ ದಿನ ಅವರ ಸ್ಮರಣೆ ನಡೆಯುತ್ತದೆ. ಮುಂದೆ ಈ ಕ್ಷೇತ್ರದಿಂದ ಕಮ್ಯುನಿಸ್ಟರು, ರಿಪಬ್ಲಿಕನ್ ಪಕ್ಷದವರು, ಅಣ್ಣಾ ಡಿಎಂಕೆಯವರು ವಿಧಾನಸಭೆಗೆ ಗೆದ್ದು ಬಂದರು. ಕರ್ನಾಟಕದ ಬೇರಾವ ಕ್ಷೇತ್ರದಲ್ಲೂ ಕಾಣದ ಸಾಲು ಇದು.

ಮೂರನೆಯದು, ಲೈನಿನಿಂದಲೇ ಮೇಲೆ ಬಂದ ಮಕ್ಕಳು. ದಾದಿಯರು, ಶಿಕ್ಷಕರು, ಎಂಜಿನಿಯರುಗಳು, ಫುಟ್‌ಬಾಲ್ ಮತ್ತು ಹಾಕಿ ಆಟಗಾರರು. ಹಾಗಾದರೆ ವರ್ಗ ದಾಟಬಹುದಲ್ಲ ಎಂದು ಕೇಳುವವರಿದ್ದಾರೆ. ದಾಟಬಹುದು. ದಾಟಿದವರಲ್ಲಿ ಹೆಚ್ಚಿನವರು ಯಾವ ಏಣಿಯಿಂದ ಬಂದರು ಎಂದು ನೋಡಿದರೆ ಸಾಕು: ಮಿಷನ್ ಶಾಲೆ, ಮೀಸಲಾತಿ, ಇನ್ನೊಂದು ಸರ್ಕಾರಿ ಕಾರ್ಖಾನೆ. ಅಂದರೆ ಗಣಿಯ ಶ್ರೇಣಿಯೊಳಗೆ ಒಂದೊಂದೇ ಮೆಟ್ಟಿಲು ಹತ್ತಿದವರಿಗಿಂತ ಅದರ ಹೊರಗಿನಿಂದ ಏಣಿ ಹಾಕಿಕೊಂಡವರು ಹೆಚ್ಚು.

ಆ ಕಾರ್ಖಾನೆಯ ಮಾತು ಇಲ್ಲಿ ಹೇಳಲೇಬೇಕು. 1964ರಲ್ಲಿ ಇದೇ ಊರಿನಲ್ಲಿ ಬೆಮೆಲ್ ಆರಂಭವಾಯಿತು. ಮಣ್ಣು ತೋಡುವ ದೊಡ್ಡ ಯಂತ್ರಗಳನ್ನು ತಯಾರಿಸುವ ಕೇಂದ್ರ ಸರ್ಕಾರದ ಉದ್ದಿಮೆ. ಅದರ ಗೇಟು ದಾಟಲು ಐಟಿಐ ಪ್ರಮಾಣಪತ್ರ ಬೇಕು. ಒಂದೇ ಲೈನಿನಲ್ಲಿ ಬೆಳೆದ ಅಣ್ಣ ತಮ್ಮಂದಿರಲ್ಲಿ ಒಬ್ಬ ಐಟಿಐ ಮಾಡಿ ಬೆಮೆಲ್ ಸೇರಿ, ಇನ್ನೊಬ್ಬ ಹತ್ತನೆಯ ತರಗತಿ ಬಿಟ್ಟು ಅಪ್ಪನ ಹಿಂದೆ ಗಣಿಗೆ ಇಳಿದಿದ್ದರೆ, 2001ರ ನಂತರ ಅವರಿಬ್ಬರ ಮನೆಗಳು ಎರಡು ಬೇರೆ ದೇಶಗಳಂತೆ. ಒಂದು ಕಡೆ ನಿವೃತ್ತಿಯವರೆಗೆ ಸಂಬಳ, ಮಕ್ಕಳ ಕಾಲೇಜು. ಇನ್ನೊಂದು ಕಡೆ ಒಂದಿಷ್ಟು ಇಡಿಗಂಟು, ಅದೂ ಸಾಲಗಾರರ ಕಣ್ಣಿಗೆ ಬಿದ್ದದ್ದು.

ಎರಡನೆಯವನು ಯಾಕೆ ಓದು ಬಿಟ್ಟ? ಸೋಮಾರಿ ಎಂದು ತೀರ್ಪು ಕೊಡುವುದು ಸುಲಭ. ಗಣಿಯ ಮನೆಗಳಲ್ಲಿ ಅಪ್ಪನ ಜಾಗಕ್ಕೆ ಮಗ ಎಂಬುದು ಮೂರು ತಲೆಮಾರು ಕಂಡ ಸತ್ಯ. ಕಣ್ಣೆದುರಿಗೆ ಖಚಿತವಾದ ಕೆಲಸವಿದ್ದಾಗ, ಅಪ್ಪನ ಕೆಮ್ಮು ಹೆಚ್ಚುತ್ತಿದ್ದಾಗ, ಇನ್ನೆರಡು ವರ್ಷ ಕಾದು ಐಟಿಐ ಮಾಡು ಎಂದು ಹೇಳುವವರು ಮನೆಯಲ್ಲಿ ಇರಬೇಕು, ಆ ಎರಡು ವರ್ಷ ಊಟಕ್ಕೆ ದಾರಿಯೂ ಇರಬೇಕು. ಬಡವನ ಆಯ್ಕೆಗಳು ಮೂರ್ಖತನದಂತೆ ಕಾಣುವುದು ಬಹಳ ಸಲ ಹೀಗೆಯೇ: ಅವನ ಗಡಿಯಾರದಲ್ಲಿ ಕಾಯುವುದಕ್ಕೆ ಜಾಗವಿರುವುದಿಲ್ಲ.

ಬೀಗ ಬಿದ್ದದ್ದು

1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಬಂಗಲೆಗಳಿಗೆ ನಮ್ಮವರೇ ಅಧಿಕಾರಿಗಳು ಬಂದರು. ಕ್ಲಬ್ಬು ಉಳಿಯಿತು, ಲೈನೂ ಉಳಿಯಿತು.

ಅದಿರಿನ ಹುರುಳು ಕಡಿಮೆಯಾಗುತ್ತ ಬಂದಿತ್ತು. ಆರಂಭದ ವರ್ಷಗಳಲ್ಲಿ ಟನ್ ಅದಿರಿಗೆ 40 ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಗೆ ಮೂರು ನಾಲ್ಕು ಗ್ರಾಂಗೆ ಇಳಿಯಿತು, ಆಳ ಹೆಚ್ಚಿದಷ್ಟೂ ಖರ್ಚು ಏರಿತು. ಬಹಳ ವರ್ಷ ಚಿನ್ನವನ್ನು ಮಾರುಕಟ್ಟೆ ದರಕ್ಕಿಂತ ಕಡಿಮೆಯಾದ ಅಂತರರಾಷ್ಟ್ರೀಯ ದರದಲ್ಲಿ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಲೆಕ್ಕದ ಪುಸ್ತಕದಲ್ಲಿ ನಷ್ಟ ಕಾಣುವುದಕ್ಕೆ ಅದೂ ಒಂದು ಕಾರಣ. ಆದರೆ ಊರಿನ ಹೊರಗೆ ಹರಡಿದ ಮಾತು ಒಂದೇ: ಕಾರ್ಮಿಕರು ಹೆಚ್ಚಾದರು, ಸಂಘಗಳು ಹೆಚ್ಚಾದವು, ಗಣಿ ಮುಳುಗಿತು. 1992ರಲ್ಲಿ ಕಂಪನಿಯನ್ನು ರೋಗಗ್ರಸ್ತ ಎಂದು ಘೋಷಿಸಲಾಯಿತು. ಒಂದು ಕಾಲಕ್ಕೆ ಮೂವತ್ತು ಸಾವಿರದ ಆಸುಪಾಸು ಇದ್ದ ಕಾರ್ಮಿಕರು ಕೊನೆಯ ದಿನದ ಹೊತ್ತಿಗೆ ನಾಲ್ಕು ಸಾವಿರಕ್ಕಿಂತ ಕಡಿಮೆ.

ಈಗ ಮೂಲ ಪ್ರಶ್ನೆಗೆ ಬರೋಣ. ಯಾರ ಕೈಯಲ್ಲಿ ಏನಿತ್ತು?

ಬ್ರಿಟಿಷರು ಎಂದೋ ಹೊರಟಿದ್ದರು. ಅವರ ಕೈಯಲ್ಲಿ ಊರಿನ ಪಿಂಚಣಿಯೂ ಲಂಡನ್ನಿನ ಕಂಪನಿಯ ಪತ್ರಗಳೂ ಇದ್ದವು. ಆಂಗ್ಲೋ ಇಂಡಿಯನ್ನರಲ್ಲಿ ಬಹುಪಾಲು ಕುಟುಂಬಗಳು ಸ್ವಾತಂತ್ರ್ಯದ ನಂತರದ ದಶಕಗಳಲ್ಲೇ ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಹಾದಿ ಹಿಡಿದಿದ್ದವು. ಅವರ ಇಂಗ್ಲಿಷು, ಅವರ ಅಜ್ಜನ ಹೆಸರು, ಅವರ ಶಾಲೆಯ ಪತ್ರ ಅಲ್ಲಿ ಚಲಾವಣೆಯಾಗುವ ನಾಣ್ಯ.

2001ರಲ್ಲಿ ಉಳಿದಿದ್ದ ಅಧಿಕಾರಿಗಳ ಬಳಿ ಪದವಿಯಿತ್ತು, ಗಣಿ ಮ್ಯಾನೇಜರ್ ಪರೀಕ್ಷೆ ಪಾಸಾದ ಪ್ರಮಾಣಪತ್ರವಿತ್ತು. ರಾಯಚೂರಿನ ಹಟ್ಟಿ ಚಿನ್ನದ ಗಣಿಯಾಗಲಿ ರಾಜಸ್ಥಾನದ ಸತುವಿನ ಗಣಿಯಾಗಲಿ, ಆ ಕಾಗದ ಎಲ್ಲಿ ತೋರಿಸಿದರೂ ಸಲ್ಲುತ್ತದೆ. ಅವರಿಗೂ ಕಷ್ಟವಾಗಲಿಲ್ಲ ಎನ್ನಲಾರೆ. ನಡುವಯಸ್ಸಿನಲ್ಲಿ ಊರು ಬಿಡುವುದು ಯಾರಿಗೂ ಸುಲಭವಲ್ಲ.

ಕೆಳಗಿನ ಕಾರ್ಮಿಕನ ಬಳಿಯೂ ವಿದ್ಯೆಯಿತ್ತು. ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ ಅದರ ದನಿಯಿಂದ ಅದು ಗಟ್ಟಿಯೋ ಬಿಟ್ಟುಕೊಂಡಿದೆಯೋ ಹೇಳುವುದು, ತಲೆಯ ಮೇಲಿನ ಕಲ್ಲು ಚಿಟಿಚಿಟಿ ಎಂದಾಗ ಎಷ್ಟು ಹೊತ್ತಿನಲ್ಲಿ ಓಡಬೇಕು ಎಂದು ಅಂದಾಜು ಮಾಡುವುದು, ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ಚಾವಣಿಗೆ ಆಸರೆ ಕೊಡುವುದು. ಇದನ್ನು ಕಲಿಯಲು ಹತ್ತು ವರ್ಷ ಬೇಕು. ಕಾಗದದ ಮೇಲೆ ಇದೆಲ್ಲ 'ಅಂಡರ್‌ಗ್ರೌಂಡ್ ವರ್ಕರ್' ಎಂಬ ಒಂದೇ ಪದ. ಅಧಿಕಾರಿಯ ವಿದ್ಯೆ ಕಾಗದದಲ್ಲಿತ್ತು, ಮಡಿಸಿ ಕೊಂಡೊಯ್ದ. ಕಾರ್ಮಿಕನದು ಮೈಯಲ್ಲಿತ್ತು, ಆ ಮೈಯನ್ನೂ ದೂಳು ಅರ್ಧ ತಿಂದಿತ್ತು.

1965ರಲ್ಲಿ ಇದೇ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ, ವಾತಾವರಣದಲ್ಲಿ ಹುಟ್ಟುವ, ಬಂಡೆಯನ್ನೂ ತೂರಿ ಹೋಗುವ ಅತಿ ಸೂಕ್ಷ್ಮ ಕಣಗಳಾದ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಬ್ರಿಟನ್‌ಗಳ ಸಹೋದ್ಯೋಗಿಗಳೊಂದಿಗೆ ಮಾಡಿದ ಕೆಲಸ ಅದು. ಭೌತವಿಜ್ಞಾನದ ಇತಿಹಾಸದಲ್ಲಿ ಕೋಲಾರದ ಹೆಸರು ನಿಂತಿರುವುದು ಅದರಿಂದ. ಆ ಉಪಕರಣಗಳೂ ಇಳಿದದ್ದು ಕಾರ್ಮಿಕರು ತೋಡಿದ ಬಾವಿಯಲ್ಲೇ. ವಿಜ್ಞಾನಿಗಳನ್ನು ನಾನು ದೂರುತ್ತಿಲ್ಲ. ಒಂದೇ ಆಳದಿಂದ ಇಬ್ಬರು ಮೇಲೆ ಬಂದಾಗ ಒಬ್ಬನ ಕೈಯಲ್ಲಿ ಪ್ರಬಂಧವೂ ಇನ್ನೊಬ್ಬನ ಎದೆಯಲ್ಲಿ ಕಲ್ಲುಪುಡಿಯೂ ಇರುವುದನ್ನು ಗುರುತಿಸುತ್ತಿದ್ದೇನೆ ಅಷ್ಟೆ.

ಮುಚ್ಚಿದ ಮೇಲೆ

ಹತ್ತಿರದಲ್ಲಿದ್ದ ದೊಡ್ಡ ಊರು ಬೆಂಗಳೂರು, ಸುಮಾರು 100 ಕಿಲೋಮೀಟರ್. ಹಳಿ ಇತ್ತು, ಬಂಗಾರಪೇಟೆಯಿಂದ ಗಣಿಯವರೆಗಿನ ಈ ಕವಲು ಹಾದಿಯನ್ನು 1890ರ ದಶಕದಲ್ಲಿ ಗಣಿಗಾಗಿಯೇ ಹಾಕಿದ್ದರು. ಸಾವಿರಾರು ಮಂದಿ ದಿನವೂ ಓಡಾಡತೊಡಗಿದರು. ಬಾಡಿಗೆ ಕೊಟ್ಟು ಬೆಂಗಳೂರಿನಲ್ಲೇ ಇರಬಹುದಲ್ಲ ಎನ್ನುವವರು ಒಂದು ಲೆಕ್ಕ ಮಾಡಬೇಕು. ಕಾವಲುಗಾರನ, ಕಚೇರಿ ಗುಡಿಸುವವಳ, ಗಾರ್ಮೆಂಟ್ಸ್ ಹೊಲಿಗೆಯವಳ ಸಂಬಳದಲ್ಲಿ ಬೆಂಗಳೂರಿನ ಮನೆ ಬಾಡಿಗೆ ಕಳೆದರೆ ಉಳಿಯುವುದೆಷ್ಟು? ರೈಲಿನ ತಿಂಗಳ ಪಾಸು ಅಗ್ಗ, ಲೈನಿನ ಮನೆಗೆ ಬಾಡಿಗೆಯಿಲ್ಲ. ಹೀಗಾಗಿ ಅವರು ಹಣದ ಬದಲು ಹೊತ್ತನ್ನು ತೆರುತ್ತಾರೆ: ಹೋಗುವುದಕ್ಕೆ ಎರಡು ಗಂಟೆಗೂ ಮೇಲೆ, ಬರುವುದಕ್ಕೆ ಅಷ್ಟೇ. ಪಾಳಿಯ ಎಂಟು ಒಂಬತ್ತು ಗಂಟೆ ಸೇರಿಸಿದರೆ ಮಕ್ಕಳು ಎಚ್ಚರವಿರುವಾಗ ಮನೆಯಲ್ಲಿರುವುದು ಭಾನುವಾರ ಮಾತ್ರ. ಮಗುವಿನ ಲೆಕ್ಕದ ಪುಸ್ತಕವನ್ನು ಯಾರು ನೋಡುತ್ತಾರೆ? ವರ್ಗವು ಮುಂದಿನ ತಲೆಮಾರಿಗೆ ದಾಟುವ ದಾರಿ ಹುಡುಕಲು ದೊಡ್ಡ ಸಿದ್ಧಾಂತ ಬೇಕಿಲ್ಲ, ರೈಲಿನ ವೇಳಾಪಟ್ಟಿ ಸಾಕು.

ಭಾಷೆಯ ತೊಡಕೂ ಸೇರಿಕೊಂಡಿತು. ಕನ್ನಡದಲ್ಲಿ ಬರೆಯುತ್ತ ಇದನ್ನು ಹೇಳದೆ ಬಿಡುವುದು ಸರಿಯಲ್ಲ. ತಮಿಳು ಮನೆಮಾತು, ಎಷ್ಟೋ ಮನೆಗಳಲ್ಲಿ ಓದೂ ತಮಿಳಿನಲ್ಲೇ. ಕಂಪನಿ ಇದ್ದಾಗ ಇದರಿಂದ ಅಡ್ಡಿಯಾಗಲಿಲ್ಲ, ಗಣಿಯೊಳಗಿನ ಲೋಕ ತಮಿಳಿನಲ್ಲೇ ನಡೆಯುತ್ತಿತ್ತು. ಕಂಪನಿ ಹೋದ ಮೇಲೆ ರಾಜ್ಯ ಸರ್ಕಾರದ ಪರೀಕ್ಷೆ ಕನ್ನಡದಲ್ಲಿ, ಖಾಸಗಿ ಕೆಲಸ ಇಂಗ್ಲಿಷಿನಲ್ಲಿ. ನಾಲ್ಕು ತಲೆಮಾರು ಇದೇ ಮಣ್ಣಿನಡಿ ಸತ್ತವರನ್ನು ನಾವು ಹೊರಗಿನವರೆಂದೇ ಬಗೆದೆವು. ಚಿನ್ನವನ್ನು ನಮ್ಮದೆಂದು ಹೇಳಿಕೊಳ್ಳುವಾಗ ತೋರಿದ ಉತ್ಸಾಹವನ್ನು ಅದನ್ನು ತೆಗೆದವರ ವಿಷಯದಲ್ಲಿ ತೋರಲಿಲ್ಲ.

ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ಇನ್ನೂ ಒಂದು ಗುಂಪಿತ್ತು. ಲೈನುಗಳ ಒಣ ಶೌಚಾಲಯಗಳನ್ನು ಬಳಿಯುತ್ತಿದ್ದವರು. ಗಣಿ ಮುಚ್ಚಿದರೂ ಈ ಕೆಲಸ ನಿಲ್ಲಲಿಲ್ಲ. ಮಲ ಹೊರುವ ಪದ್ಧತಿಯನ್ನು ಕಾನೂನು 1993ರಲ್ಲೇ ನಿಷೇಧಿಸಿತ್ತು. 2011ರಲ್ಲಿ ಇಲ್ಲಿ ಹೊಂಡಕ್ಕಿಳಿದ ಮೂವರು ಉಸಿರುಗಟ್ಟಿ ಸತ್ತಾಗಷ್ಟೇ ಈ ವಿಷಯ ರಾಜಧಾನಿಯ ಪತ್ರಿಕೆಗಳವರೆಗೆ ಬಂತು. ಬಾವಿ ಮೂರು ಕಿಲೋಮೀಟರ್ ಆಳದ ಊರಿನಲ್ಲಿ ಕೆಲವೇ ಅಡಿಗಳ ಹೊಂಡ.

ಊರಿನ ಪಕ್ಕದಲ್ಲಿ ಸೈನೈಡ್ ದಿಬ್ಬಗಳು ನಿಂತಿವೆ. ಪುಡಿ ಮಾಡಿದ ಅದಿರಿನಿಂದ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಬೂದು ಬಣ್ಣದ ಹುಡಿ, ಮೂರು ಕೋಟಿ ಟನ್ನಿಗೂ ಹೆಚ್ಚು. ಆಷಾಢದ ಗಾಳಿ ಬೀಸಿದಾಗ ಅದು ಎದ್ದು ಬಂದು ಅನ್ನದ ತಟ್ಟೆಯ ಮೇಲೆ ಕೂರುತ್ತದೆ. ಆ ಹುಡಿಯಲ್ಲಿ ಇನ್ನೂ ಚಿನ್ನ ಉಳಿದಿದೆ, ಅದನ್ನು ಹೊಸ ವಿಧಾನದಿಂದ ತೆಗೆಯಬೇಕು ಎಂಬ ಚರ್ಚೆ ಆಗಾಗ ನಡೆಯುತ್ತದೆ, ಟೆಂಡರುಗಳ ಮಾತು ಬರುತ್ತದೆ. ಹಳೆಯ ಕಾರ್ಮಿಕರ ಸಂಘಗಳು ಗಣಿಯನ್ನು ತಾವೇ ಸಹಕಾರ ಪದ್ಧತಿಯಲ್ಲಿ ನಡೆಸುತ್ತೇವೆ ಎಂದು ಕೇಳಿದ್ದೂ ಉಂಟು. ಬಾಕಿ ಹಣಕ್ಕೆ, ತಾವಿರುವ ಲೈನು ಮನೆಗಳ ಹಕ್ಕುಪತ್ರಕ್ಕೆ ಅವರು ವರ್ಷಗಟ್ಟಲೆ ಅಲೆದಿದ್ದಾರೆ.

ಅಂದು ವೈಟ್‌ಫೀಲ್ಡ್‌ನಲ್ಲಿ ಇಳಿದವರು ಸೀಟಿನ ಮೇಲಿನ ಕರವಸ್ತ್ರವನ್ನು ಮರೆತು ಹೋಗಿದ್ದರು. ಎದುರಿಗೆ ಕೂತಿದ್ದ ಹುಡುಗ ಅದನ್ನು ತೆಗೆದು, ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡ. ನಾನು ಅವನ ಮುಖ ನೋಡಿದೆ. "ನಮ್ಮ ಲೈನಿನವರೇ. ಸಂಜೆ ಇದೇ ಗಾಡಿಯಲ್ಲಿ ಸಿಗುತ್ತಾರೆ, ಕೊಡುತ್ತೇನೆ" ಎಂದ.